ಮೇಲ್ ಸರ್ವರ್ ಪದೇ ಪದೇ ಬೀಳ್ತದೇನ್ರಿ? ಮೊದಲು ಒಂದು ವಹಿ ಇಡ್ರಿ

"ಸರ್, ಮತ್ತ ಮೇಲ್ ಬಂದ್ ಆತ್ರಿ. ರೀಸ್ಟಾರ್ಟ್ ಮಾಡ್ಲೇನ್ರಿ?"

ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿ (ಎರಕದ ಕಾರ್ಖಾನೆ) ಆಫೀಸಿನಿಂದ ನನಗೆ ಈ ಫೋನ್ ವಾರಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ ಬರುತ್ತಿತ್ತು. ಮಾಡುವವನು ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಹುಡುಗ, ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದವನು. ಮೊದಲ ನಾಲ್ಕೈದು ಸಲ ನಾನೂ "ಹ್ಞೂಂ, ಮಾಡು" ಅಂದೆ. ಹತ್ತು ನಿಮಿಷದಲ್ಲಿ ಮೇಲ್ ಬರತೊಡಗುತ್ತಿತ್ತು, ಎಲ್ಲರೂ ತಮ್ಮ ಕೆಲಸಕ್ಕೆ ಹತ್ತುತ್ತಿದ್ದರು, ನಾಲ್ಕು ದಿನ ಕಳೆದರೆ ಮತ್ತೆ ಅದೇ ಫೋನ್. ತಪ್ಪು ನನ್ನದೇ. ಸರ್ವರ್ ಯಾಕೆ ಬಿತ್ತು ಎನ್ನುವುದಕ್ಕೆ ಇದ್ದ ಸಾಕ್ಷಿಯನ್ನು ಪ್ರತಿ ರೀಸ್ಟಾರ್ಟಿನಲ್ಲೂ ನಾವೇ ಕೈಯಾರೆ ಅಳಿಸುತ್ತಿದ್ದೆವು.

ನಿಮ್ಮ ಆಫೀಸಿನಲ್ಲೂ 30-40 ಮೇಲ್ ಖಾತೆಗಳಿದ್ದು, ಮೂಲೆಯ ಒಂದು ಲಿನಕ್ಸ್ ಯಂತ್ರದಲ್ಲಿ ಪೋಸ್ಟ್‌ಫಿಕ್ಸ್ (ಮೇಲ್ ಕಳಿಸುವ, ಬರಮಾಡಿಕೊಳ್ಳುವ ಪ್ರೋಗ್ರಾಮ್) ಮತ್ತು ಡವ್‌ಕಾಟ್ (ಬಂದ ಮೇಲನ್ನು ಬಳಕೆದಾರರಿಗೆ ತೋರಿಸುವ ಪ್ರೋಗ್ರಾಮ್) ಓಡುತ್ತಿದ್ದರೆ ಈ ಬರಹ ನಿಮಗೆ. ಆ ಹುಡುಗನಿಗೆ ಫೋನಿನಲ್ಲಿ ಹೇಗೆ ಹೇಳಿದೆನೋ ಕಮಾಂಡುಗಳನ್ನು ಹಾಗೇ ಬರೆಯುತ್ತೇನೆ. ಬಾಯಿಂದ ಕೇಳಿ ಟೈಪ್ ಮಾಡುವುದು ಅವನಿಗೆ ಸಾಧ್ಯವಾಯಿತು, ನಿಮಗೂ ಆಗುತ್ತದೆ.

ವಹಿ

ಐದನೆಯದೋ ಆರನೆಯದೋ ಫೋನ್ ಬಂದಾಗ ಹೇಳಿದೆ: "ತಮ್ಮಾ, ಏನೂ ಒತ್ತಬ್ಯಾಡ. ಒಂದು ವಹಿ ತಗೋ. ಎಷ್ಟು ಗಂಟೆ ಎಷ್ಟು ನಿಮಿಷಕ್ಕ ಬಿತ್ತು, ಮೊದಲ ಅದನ್ನ ಬರಿ."

ಒಂದು ಸಾದಾ 100 ಪುಟದ ವಹಿ. ಪ್ರತಿ ಸಲ ಬಿದ್ದಾಗ ನಾಲ್ಕು ಸಂಗತಿ ಬರೆಯಬೇಕು. ದಿನ ಮತ್ತು ಹೊತ್ತು. ಮೊದಲು ಯಾರು ಹೇಳಿದರು, ಏನಂದರು. ಪಿಂಗ್‌ಗೆ (ನೆಟ್‌ವರ್ಕಿನಲ್ಲಿ "ಇದ್ದೀಯಾ" ಎಂದು ಕೇಳುವ ಕಮಾಂಡಿಗೆ) ಯಂತ್ರ ಉತ್ತರ ಕೊಟ್ಟಿತೋ ಇಲ್ಲವೋ. ಆ ಹೊತ್ತಿಗೆ ಆಫೀಸಿನಲ್ಲಿ, ಶೆಡ್ಡಿನಲ್ಲಿ ಏನು ನಡೆದಿತ್ತು. ಈ ಕೊನೆಯದನ್ನು ಬರೆಯಲು ಹುಡುಗ ಸಂಕೋಚಪಟ್ಟ. "ಶೆಡ್ಡಿನ್ಯಾಗ ಹೀಟ್ ಹಾಕ್ಯಾರ, ಅದಕ್ಕೂ ಮೇಲ್‌ಗೂ ಏನ್ ಸಂಬಂಧರಿ?" ಎಂದ. (ಹೀಟ್ ಎಂದರೆ ಫರ್ನೇಸಿನಲ್ಲಿ ಲೋಹ ಕರಗಿಸುವ ಒಂದು ಸರದಿ.) ಇರಲಿ, ಬರಿ ಎಂದೆ. ಕೊನೆಗೆ ಅರ್ಧ ಸಮಸ್ಯೆ ಬಗೆಹರಿದದ್ದು ಆ ಸಾಲಿನಿಂದಲೇ.

ವಹಿಯ ಜೊತೆಗೆ ಯಂತ್ರವೂ ತನ್ನ ಲೆಕ್ಕ ತಾನು ಬರೆದುಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ನಿಮಿಷಕ್ಕೊಮ್ಮೆ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಹಾಕಿ. ಅದರೊಳಗೆ ನಾಲ್ಕೇ ಕಮಾಂಡು: ಡೇಟ್, ಅಪ್‌ಟೈಮ್, ಫ್ರೀ ಹೈಫನ್ ಎಮ್, ಮತ್ತು ಪೋಸ್ಟ್‌ಕ್ಯೂ ಹೈಫನ್ ಪಿ ಕೊಡುವ ಕೊನೆಯ ಸಾಲು. ಇವೆಲ್ಲ ಒಂದು ಫೈಲಿಗೆ ಸೇರುತ್ತ ಹೋಗಲಿ. ಯಂತ್ರ ಬೀಳುವ ಮುಂಚಿನ ಹತ್ತು ನಿಮಿಷದಲ್ಲಿ ಮೆಮೊರಿ ಎಷ್ಟಿತ್ತು, ಕ್ಯೂ (ಹೋಗಲು ಕಾಯುತ್ತಿರುವ ಮೇಲ್‌ಗಳ ಸಾಲು) ಎಷ್ಟುದ್ದ ಇತ್ತು ಎಂಬುದು ಆಮೇಲೆ ಸಿಗುತ್ತದೆ.

ಕೆಲವು ಲಿನಕ್ಸ್‌ಗಳಲ್ಲಿ ಸಿಸ್ಟಮ್ಡಿಯ (ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಜರ್ನಲ್, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ಲಾಗ್, ಮೆಮೊರಿಯಲ್ಲಷ್ಟೇ ಇರುತ್ತದೆ, ರೀಬೂಟ್ ಆದರೆ ಹೋಯಿತು. ಸ್ಲ್ಯಾಶ್ ವಾರ್ ಸ್ಲ್ಯಾಶ್ ಲಾಗ್ ಒಳಗೆ ಜರ್ನಲ್ ಎಂಬ ಡೈರೆಕ್ಟರಿ ಇದೆಯೋ ನೋಡಿ. ಇಲ್ಲದಿದ್ದರೆ ಮಾಡಿ, ಜರ್ನಲ್ ಸೇವೆಯನ್ನು ಮತ್ತೆ ಶುರು ಮಾಡಿ. ಆಮೇಲೆ ಜರ್ನಲ್‌ಸಿಟಿಎಲ್, ಹೈಫನ್ ಬಿ, ಹೈಫನ್ 1 ಎಂದರೆ ಹಿಂದಿನ ಸಲ ಯಂತ್ರ ಬದುಕಿದ್ದಾಗಿನ ಮಾತೆಲ್ಲ ಕಾಣುತ್ತದೆ. ಇನ್ನೂ ಚಲೋ ಎಂದರೆ ಆರ್‌ಸಿಸ್‌ಲಾಗ್ ಮೂಲಕ ಲಾಗಿನ ಒಂದು ಪ್ರತಿಯನ್ನು ಬೇರೊಂದು ಹಳೆಯ ಕಂಪ್ಯೂಟರಿಗೆ ಕಳಿಸುತ್ತಿರುವುದು. ಸಾಯುವ ಯಂತ್ರಕ್ಕೆ ತನ್ನ ಕೊನೆಯ ಸಾಲನ್ನು ತನ್ನ ಡಿಸ್ಕಿಗೆ ಬರೆಯಲು ಎಷ್ಟೋ ಸಲ ಪುರುಸೊತ್ತೇ ಸಿಗುವುದಿಲ್ಲ.

ಹೀಗೆ ಸಾಕ್ಷಿ ಕೂಡಿಸುತ್ತ ಕುಳಿತರೆ ಆ ಹೊತ್ತಿನಲ್ಲಿ ಬರುವ ಮೇಲ್ ಕಳೆದುಹೋಗುವುದಿಲ್ಲವೇ ಎಂದು ಮಾಲೀಕರು ಕೇಳಿದರು. ನ್ಯಾಯವಾದ ಪ್ರಶ್ನೆ, ಅವರ ಗಿರಾಕಿಗಳು ಕಾಸ್ಟಿಂಗ್ ಡ್ರಾಯಿಂಗ್ ಕಳಿಸುವುದೆಲ್ಲ ಮೇಲ್‌ನಲ್ಲೇ. ಕಳೆಯುವುದಿಲ್ಲ. ನಮ್ಮ ಸರ್ವರ್ ಉತ್ತರ ಕೊಡದಿದ್ದರೆ ಕಳಿಸುವವರ ಸರ್ವರ್ ಆ ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಕಾಯುತ್ತದೆ, ಬೇರೆಯವೂ ಹೆಚ್ಚುಕಡಿಮೆ ಹಾಗೇ. ಅರ್ಧ ಗಂಟೆ ತಡವಾದರೆ ತಡವಾಗುತ್ತದೆ ಅಷ್ಟೆ. ಇದನ್ನು ಮಾಲೀಕರಿಗೆ ಮೊದಲೇ ತಿಳಿಸಿ ಹೇಳಿ. ಅವರು ಗಾಬರಿಯಾಗಿ ಬಾಗಿಲಲ್ಲಿ ನಿಂತಿದ್ದರೆ ಯಾವ ಹುಡುಗನೂ ಲಾಗ್ ಓದಲಾರ, ಸ್ವಿಚ್ ಒತ್ತಿಬಿಡುತ್ತಾನೆ.

ಯಂತ್ರ ಸತ್ತಿತೋ, ಮೇಲ್ ಅಷ್ಟೇ ನಿಂತಿತೋ

"ಸರ್ವರ್ ಬಿತ್ತು" ಎಂಬ ಒಂದೇ ಮಾತಿನಲ್ಲಿ ಜನ ಹತ್ತು ಬೇರೆ ಬೇರೆ ಸಂಗತಿ ಹೇಳುತ್ತಿರುತ್ತಾರೆ. ಮೊದಲು ಇದನ್ನು ಬಿಡಿಸಬೇಕು.

ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿ. ಉತ್ತರ ಬಂದರೆ ಯಂತ್ರ ಜೀವಂತ, ಒಳಗಿನ ಯಾವುದೋ ಸೇವೆ ನಿಂತಿದೆ. ಬರದಿದ್ದರೆ ಎದ್ದು ಹೋಗಿ ಕಣ್ಣಾರೆ ನೋಡಿ: ದೀಪ ಉರಿಯುತ್ತಿದೆಯೋ, ಫ್ಯಾನ್ ತಿರುಗುತ್ತಿದೆಯೋ, ಪರದೆಯ ಮೇಲೆ ಏನಾದರೂ ಬರೆದಿದೆಯೋ. ಬರೆದಿದ್ದರೆ ಮೊಬೈಲಿನಲ್ಲಿ ಫೋಟೋ ಹೊಡೆಯಿರಿ, ಆಮೇಲೆ ಉಳಿದದ್ದು.

ಯಂತ್ರ ತಾನೇ ರೀಬೂಟ್ ಆಗಿದೆ ಎಂಬ ಅನುಮಾನವಿದ್ದರೆ ಲಾಸ್ಟ್, ಹೈಫನ್, ಎಕ್ಸ್ ಎಂದು ಕೊಡಿ. ಅದು ಹೊಸದನ್ನು ಮೇಲೆ ತೋರಿಸುತ್ತದೆ, ಆದ್ದರಿಂದ ರೀಬೂಟ್ ಎಂಬ ಸಾಲಿನ ಕೆಳಗೆ ಶಟ್‌ಡೌನ್ ಎಂಬ ಸಾಲು ಇರಬೇಕು. ಇಲ್ಲ ಎಂದರೆ ಯಾರೂ ಅದನ್ನು ಸರಿಯಾಗಿ ಆರಿಸಿಲ್ಲ, ಕರೆಂಟ್ ಹೋಗಿದೆ, ಇಲ್ಲವೇ ಯಂತ್ರ ಒಳಗೇ ಕುಸಿದಿದೆ. ವಿಂಡೋಸ್ ಎಕ್ಸ್‌ಚೇಂಜ್ ಇಟ್ಟುಕೊಂಡವರು ಈವೆಂಟ್ ವ್ಯೂವರಿನಲ್ಲಿ 41 ಮತ್ತು 6008 ಎಂಬ ಸಂಖ್ಯೆಗಳನ್ನು ಹುಡುಕಬೇಕು, ಅವು ಹೇಳುವುದೂ ಇದನ್ನೇ.

ಮೂರು ವಾರ ಕಳೆದ ಮೇಲೆ ನಾನು ವಹಿ ತರಿಸಿ ನೋಡಿದೆ. ಒಂಬತ್ತು ಸಲ ಬಿದ್ದಿತ್ತು. ಆರು ಸಲ ಪಿಂಗ್‌ಗೆ ಉತ್ತರವಿತ್ತು. ಮೂರು ಸಲ ಯಂತ್ರವೇ ಪೂರ್ತಿ ಆರಿಹೋಗಿತ್ತು. ಅಷ್ಟು ದಿನ ನಾವು ಒಂದು ರೋಗ ಎಂದು ತಿಳಿದು ಔಷಧ ಹುಡುಕಿದ್ದೆವು, ಇದ್ದದ್ದು ಎರಡು. ಒಂದರ ಲಕ್ಷಣ ಇನ್ನೊಂದನ್ನು ಮುಚ್ಚಿತ್ತು. ಮೆಮೊರಿ ಎಂದು ಹಿಡಿದರೆ ಅದಕ್ಕೆ ಹೊಂದದ ಘಟನೆ ಸಿಗುತ್ತಿತ್ತು, ಕರೆಂಟ್ ಎಂದರೆ ಅದಕ್ಕೂ ಹೊಂದದ್ದು ಸಿಗುತ್ತಿತ್ತು. ಎರಡನ್ನೂ ಬೇರೆ ಬೇರೆ ಪುಟಕ್ಕೆ ಬರೆದುಕೊಂಡ ದಿನ ದಾರಿ ಕಂಡಿತು.

ಆರು ಸಲದ ಕಥೆ: ಮೆಮೊರಿ

ಪಿಂಗ್ ಸಿಗುತ್ತದೆ, ಮೇಲ್ ಇಲ್ಲ. ಇಂಥ ಹೊತ್ತಿನಲ್ಲಿ ನಾನು ಮೊದಲು ಕೇಳುವುದು ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಲಾಗ್: ಜರ್ನಲ್‌ಸಿಟಿಎಲ್, ಹೈಫನ್, ಕೆ. ಅದರಲ್ಲಿ "ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್" ಎಂಬ ಸಾಲು ಸಿಕ್ಕರೆ ಲಿನಕ್ಸ್ ತಾನು ಉಳಿಯಲು ಒಂದು ಪ್ರೋಗ್ರಾಮನ್ನು ಕೊಂದಿದೆ ಎಂದು ಅರ್ಥ. ಸಾಮಾನ್ಯವಾಗಿ ಅದು ಕೊಲ್ಲುವುದು ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದು ಕುಳಿತದ್ದನ್ನು. ನಮ್ಮಲ್ಲಿ ಸತ್ತದ್ದು ಕ್ಲಾಮ್‌ಡಿ, ಅಂದರೆ ಕ್ಲಾಮ್‌ಎವಿ ವೈರಸ್ ಸ್ಕ್ಯಾನರ್.

ಸ್ಕ್ಯಾನರ್ ಸತ್ತರೆ ಮೇಲ್ ಯಾಕೆ ನಿಲ್ಲಬೇಕು? ಬಂದ ಪ್ರತಿ ಮೇಲನ್ನೂ ಅದಕ್ಕೆ ತೋರಿಸಿಯೇ ಒಳಗೆ ಬಿಡುವಂತೆ ನಾವೇ ಕಟ್ಟಿರುತ್ತೇವೆ. ಅದು ಉತ್ತರ ಕೊಡದಿದ್ದರೆ ಪೋಸ್ಟ್‌ಫಿಕ್ಸ್ "ಆಮೇಲೆ ಬಾ" ಎಂದು ಹೊರಗಿನವರನ್ನು ಕಳಿಸುತ್ತದೆ, ಇಲ್ಲವೇ ಮೇಲನ್ನು ಕ್ಯೂನಲ್ಲಿ ಕೂಡಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಮೇಲ್ ಸರ್ವರ್ ಬಿದ್ದಂತೆಯೇ ಕಾಣುತ್ತದೆ, ಪೋಸ್ಟ್‌ಫಿಕ್ಸ್ ಮಾತ್ರ ಗಟ್ಟಿಮುಟ್ಟಾಗಿ ನಿಂತಿರುತ್ತದೆ. ಇದು ಗೊತ್ತಿಲ್ಲದೆ ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ಗಳನ್ನು ತಿದ್ದಿ ತಿದ್ದಿ ಕೆಡಿಸಿದವರನ್ನು ನಾನು ಕಂಡಿದ್ದೇನೆ. ನಿಂತದ್ದು ಯಾವುದು ಎಂದು ತಿಳಿಯುವ ತನಕ ಯಾವ ಸೆಟ್ಟಿಂಗಿಗೂ ಕೈ ಹಚ್ಚಬೇಡಿ.

ಕ್ಲಾಮ್‌ಎವಿ ತನ್ನ ವೈರಸ್ ಗುರುತಿನ ಪಟ್ಟಿಯನ್ನು ಪೂರ್ತಿ ಮೆಮೊರಿಗೆ ಏರಿಸಿಕೊಳ್ಳುತ್ತದೆ. ಅದೊಂದಕ್ಕೇ 1 ಜಿಬಿಗಿಂತ ಹೆಚ್ಚು ಬೇಕು. ಫ್ರೆಶ್‌ಕ್ಲಾಮ್ ಹೊಸ ಪಟ್ಟಿ ತಂದಾಗ ಸ್ಕ್ಯಾನಿಂಗ್ ನಿಲ್ಲಬಾರದೆಂದು ಹಳೆಯದನ್ನು ಇಟ್ಟುಕೊಂಡೇ ಹೊಸದನ್ನೂ ಏರಿಸುತ್ತದೆ. ಆ ಒಂದೆರಡು ನಿಮಿಷ ಬೇಕಾಗುವ ಮೆಮೊರಿ ಹೆಚ್ಚುಕಡಿಮೆ ಎರಡರಷ್ಟು. ಆ ಫೌಂಡ್ರಿಯ ಯಂತ್ರದಲ್ಲಿ ಇದ್ದದ್ದೇ 4 ಜಿಬಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇರಲೇ ಇಲ್ಲ. ಯಂತ್ರ ಸುಮ್ಮನಿದ್ದಾಗ ಪಟ್ಟಿ ಬದಲಾದರೆ ಹೇಗೋ ಸಾಗುತ್ತಿತ್ತು. ಅದೇ ಹೊತ್ತಿಗೆ ದೊಡ್ಡ ಡ್ರಾಯಿಂಗುಗಳ ಮೇಲ್ ಬಂದಿದ್ದರೆ ಸಾಲುತ್ತಿರಲಿಲ್ಲ. ವಾರಕ್ಕೆ ಎರಡೇ ಸಲ ಯಾಕೆ, ದಿನಾ ಯಾಕಿಲ್ಲ ಎಂಬುದಕ್ಕೆ ಉತ್ತರ ಅಲ್ಲಿತ್ತು. ವಹಿಯ ಆರೂ ಹೊತ್ತುಗಳನ್ನು ಫ್ರೆಶ್‌ಕ್ಲಾಮ್ ಲಾಗಿನ ಪಕ್ಕ ಇಟ್ಟು ನೋಡಿದೆ. ಹೊಸ ಪಟ್ಟಿ ಬಂದ ಕೆಲವೇ ನಿಮಿಷಗಳಲ್ಲಿ ಆರೂ ಸಲ ಬಿದ್ದಿತ್ತು.

ಮಾಡಿದ್ದು ಇಷ್ಟು. ಅಂದೇ 4 ಜಿಬಿಯ ಸ್ವಾಪ್ ಫೈಲ್ ಮಾಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದು, ಸ್ವಾಪ್‌ಆನ್ ಕೊಟ್ಟೆವು. ಕ್ಲಾಮ್‌ಡಿ ಡಾಟ್ ಕಾನ್ಫ್ ಒಳಗೆ ಕನ್‌ಕರೆಂಟ್‌ಡೇಟಾಬೇಸ್‌ರೀಲೋಡ್ ಎಂಬ ಸಾಲಿಗೆ ನೋ ಎಂದು ಬರೆದೆವು. ಹಾಗೆ ಮಾಡಿದರೆ ಹಳೆಯ ಪಟ್ಟಿ ಇಳಿದ ಮೇಲೆಯೇ ಹೊಸದು ಏರುತ್ತದೆ. ಆ ಸ್ವಲ್ಪ ಹೊತ್ತು ಮೇಲ್ ಕಾಯುತ್ತದೆ, ಆದರೆ ಯಾವುದೂ ಸಾಯುವುದಿಲ್ಲ. ಮುಂದಿನ ವಾರ ಮೆಮೊರಿಯನ್ನು 8 ಜಿಬಿಗೆ ಏರಿಸಿದೆವು. ಮೊದಲೆರಡು ತಾತ್ಪೂರ್ತಿಕ, ಖರೆ ಪರಿಹಾರ ಮೂರನೆಯದು. ಮೆಮೊರಿ ಕೊಳ್ಳಲು ಹಿಂದೆಮುಂದೆ ನೋಡುವವರಿಗೆ ಹೇಳುವುದಿಷ್ಟೆ: ಕ್ಲಾಮ್‌ಎವಿ ತಯಾರಿಸಿದವರೇ ಅದಕ್ಕೆ ಕನಿಷ್ಠ 3 ಜಿಬಿ ಇರಲಿ ಎನ್ನುತ್ತಾರೆ. ಅದರ ಮೇಲೆ ಡವ್‌ಕಾಟ್, ಸ್ಪ್ಯಾಮ್ ಫಿಲ್ಟರ್, ವೆಬ್‌ಮೇಲ್ ಎಲ್ಲಕ್ಕೂ ಜಾಗ ಬೇಕು.

ಬಿದ್ದ ಸೇವೆಯನ್ನು ತಾನಾಗಿ ಎಬ್ಬಿಸುವ ರೀಸ್ಟಾರ್ಟ್ ಸೌಲಭ್ಯ ಸಿಸ್ಟಮ್ಡಿಯಲ್ಲಿದೆ. ಕಾರಣ ಸಿಗುವ ಮುಂಚೆ ಅದನ್ನು ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜ್ವರದ ಮೂಲ ನೋಡದೆ ದಿನಾ ಗುಳಿಗೆ ನುಂಗಿಸಿದ ಹಾಗೆ ಅದು. ರಾತ್ರಿ 3 ಗಂಟೆಗೆ ತಾನೇ ರೀಬೂಟ್ ಆಗುವಂತೆ ಯಾರೋ ಹಿಂದೆ ಕ್ರಾನ್‌ನಲ್ಲಿ ಬರೆದಿಟ್ಟದ್ದೂ ಆ ಯಂತ್ರದಲ್ಲಿ ಸಿಕ್ಕಿತು. ತೆಗೆದುಹಾಕಿಸಿದೆ.

ಮೂರು ಸಲದ ಕಥೆ: ಕರೆಂಟ್

ಯಂತ್ರ ಪೂರ್ತಿ ಆರಿದ ಮೂರೂ ಸಲ ಹೊತ್ತು ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಒಳಗೆ. ಹುಡುಗ ಮೂರೂ ಕಡೆ ಬರೆದಿದ್ದ: "ಊಟ ಆದ ಮ್ಯಾಲೆ ಫರ್ನೇಸ್ ಚಾಲೂ."

ಇಂಡಕ್ಷನ್ ಫರ್ನೇಸ್ ಎಂದರೆ ನೂರಾರು ಕಿಲೋವ್ಯಾಟ್ ಎಳೆಯುವ ಸಾಮಾನು. ಅದು ಜೋರು ಹಿಡಿಯುವ ಗಳಿಗೆಯಲ್ಲಿ ಅದೇ ಟ್ರಾನ್ಸ್‌ಫಾರ್ಮರಿನ ಮೇಲಿರುವ ಆಫೀಸಿನ ವೋಲ್ಟೇಜ್ ಒಂದು ಕ್ಷಣ ಕುಗ್ಗಬಹುದು. ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಪಿಳುಕಿಸಿದಂತೆ ಆಗುತ್ತದೆ, ಫೌಂಡ್ರಿಯಲ್ಲಿ ಕೆಲಸ ಮಾಡುವವರು ಅದನ್ನು ಗಮನಿಸುವುದೂ ಇಲ್ಲ. ಅಷ್ಟಕ್ಕೆ ಯುಪಿಎಸ್ ಬ್ಯಾಟರಿಗೆ ಹೊರಳುತ್ತದೆ. ಬ್ಯಾಟರಿ ಗಟ್ಟಿ ಇದ್ದರೆ ಸರ್ವರಿಗೆ ಏನೂ ತಿಳಿಯದು. ಇಲ್ಲಿ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಯುಪಿಎಸ್ಸಿನ ಹಸಿರು ದೀಪ ಮಾತ್ರ ದಿನಾ ಉರಿಯುತ್ತಲೇ ಇತ್ತು. ಗೋಡೆಯ ಕರೆಂಟ್ ಇದೆ ಎಂಬುದಷ್ಟೇ ಆ ದೀಪದ ಅರ್ಥ. ಬ್ಯಾಟರಿಯ ಸ್ಥಿತಿ ಅದಕ್ಕೆ ಸಂಬಂಧಿಸಿದ್ದಲ್ಲ.

ಬ್ಯಾಟರಿಯನ್ನು ಸರ್ವರ್ ಹಚ್ಚಿಟ್ಟು ಪರೀಕ್ಷೆ ಮಾಡಬೇಡಿ. ಸರ್ವರನ್ನು ಸರಿಯಾಗಿ ಆರಿಸಿ, ಯುಪಿಎಸ್ಸಿಗೆ 100 ವ್ಯಾಟಿನ ಎರಡು ಹಳೇ ಬಲ್ಬು ಹಚ್ಚಿ, ಗೋಡೆಯ ಪ್ಲಗ್ ಕಿತ್ತು, ಗಡಿಯಾರ ನೋಡಿ. ನಮ್ಮ ಬಲ್ಬುಗಳು ಪ್ಲಗ್ ಕಿತ್ತ ಕೂಡಲೇ ಆರಿದವು. ಯುಪಿಎಸ್ಸಿನ ಸೀಸದ ಬ್ಯಾಟರಿ ಸಾಮಾನ್ಯವಾಗಿ 3ರಿಂದ 5 ವರ್ಷ ಬರುತ್ತದೆ, ಸೆಕೆಯ ಕೋಣೆಯಲ್ಲಿದ್ದರೆ ಇನ್ನೂ ಬೇಗ ಹೋಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯವರು ಏಪ್ರಿಲ್ ಮೇ ತಿಂಗಳ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡು ಇನ್ನೂ ಮುಂಚೆ ಬದಲಿಸಬೇಕು. ಹೊಸದು ಹಾಕಿದ ದಿನವನ್ನು ಬ್ಯಾಟರಿಯ ಮೈಮೇಲೇ ಮಾರ್ಕರಿನಿಂದ ಬರೆಯಿರಿ.

ವೋಲ್ಟೇಜಿನ ಕ್ಷಣದ ಕುಸಿತವನ್ನು ಸಾದಾ ಮಲ್ಟಿಮೀಟರಿನಲ್ಲಿ ಕಣ್ಣಿಟ್ಟು ಹಿಡಿಯುವುದು ಕಷ್ಟ. ಕನಿಷ್ಠ ಗರಿಷ್ಠ ನೆನಪಿಡುವ ಮೀಟರ್ ಇದ್ದರೆ ಒಂದು ಪಾಳಿ ಪೂರ್ತಿ ಹಚ್ಚಿಡಿ. ಜೊತೆಗೆ ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಎಷ್ಟಿದೆ ನೋಡಿ. ಎರಡು ಮೂರು ವೋಲ್ಟಿಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಅದು ಕಂಪ್ಯೂಟರ್‌ನವರ ಕೆಲಸವಲ್ಲ.

ಉದ್ಯಮಬಾಗದಂಥ ಕಡೆ ಇನ್ನೊಂದಿದೆ, ಧೂಳು. ಫೌಂಡ್ರಿಯ ಧೂಳು ಮನೆಯ ಧೂಳಿನಂತಲ್ಲ. ಉಸುಕಿನ ಜೊತೆ ಸಣ್ಣ ಕಬ್ಬಿಣದ ಪುಡಿ ಇರುತ್ತದೆ, ಅದರಲ್ಲಿ ಕರೆಂಟ್ ಹರಿಯುತ್ತದೆ. ಮದರ್‌ಬೋರ್ಡಿನ ಮೇಲೆ ಅದು ಕೂತರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ತಿಂಗಳಿಗೊಮ್ಮೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಹೊರಗೆ ಒಯ್ದು ಬ್ಲೋವರ್ ಹಿಡಿಯಿರಿ. ಫ್ಯಾನ್ ತಿರುಗದಂತೆ ಬೆರಳಿಟ್ಟು ಹಿಡಿದಿರಿ. ಕೋಣೆ ಶೆಡ್ಡಿನ ಕಡೆಗೆ ತೆರೆಯುತ್ತಿದ್ದರೆ ಸರ್ವರನ್ನು ಬೇರೆ ಕೋಣೆಗೆ ಒಯ್ಯುವುದೇ ಚಲೋ. ನಾವು ಅಕೌಂಟ್ಸ್ ಕೋಣೆಗೆ ತಂದೆವು. ಅಲ್ಲಿನ ಮೇಡಂ ಮೊದಲು ಫ್ಯಾನಿನ ಸದ್ದಿಗೆ ಬೇಸರಪಟ್ಟರು, ಆಮೇಲೆ ಅವರೇ ಅದರ ಮೇಲೆ ಬಟ್ಟೆ ಹೊದಿಸಲು ಯಾರಿಗೂ ಬಿಡದೆ ಕಾಯತೊಡಗಿದರು.

ಹೀಗೆ ದಿಢೀರ್ ಆರಿದ ಯಂತ್ರ ಮತ್ತೆ ಎದ್ದಾಗ ಡವ್‌ಕಾಟ್‌ನ ಇಂಡೆಕ್ಸ್ ಫೈಲುಗಳು ಕೆಟ್ಟಿರಬಹುದು. ಯಾರದಾದರೂ ಇನ್‌ಬಾಕ್ಸ್ ಖಾಲಿ ಕಂಡರೆ, ಮೇಲ್ ಹಿಂದೆಮುಂದಾದರೆ ಗಾಬರಿ ಬೇಡ. ಡವ್‌ಅಡ್ಮ್, ಫೋರ್ಸ್ ಹೈಫನ್ ರೀಸಿಂಕ್, ಹೈಫನ್ ಯು, ಬಳಕೆದಾರರ ಹೆಸರು, ಇನ್‌ಬಾಕ್ಸ್ ಎಂದು ಕೊಟ್ಟರೆ ಬಹಳ ಸಲ ಸರಿಹೋಗುತ್ತದೆ. ಸ್ಮಾರ್ಟ್‌ಸಿಟಿಎಲ್, ಹೈಫನ್, ಎ ಎಂದು ಡಿಸ್ಕನ್ನೂ ಒಮ್ಮೆ ವಿಚಾರಿಸಿ. ರೀಅಲೊಕೇಟೆಡ್ ಮತ್ತು ಪೆಂಡಿಂಗ್ ಸೆಕ್ಟರುಗಳ ಸಾಲಿನ ಕೊನೆಯಲ್ಲಿರುವ ಸಂಖ್ಯೆ ಸೊನ್ನೆ ಇರಬೇಕು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೊದಲು ಬ್ಯಾಕಪ್, ಆಮೇಲೆ ಹೊಸ ಡಿಸ್ಕ್. ಸಿಆರ್‌ಸಿ ಎರರ್ ಒಂದೇ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮುಂಚೆ ಕೇಬಲ್ ಬದಲಿಸಿ ನೋಡಿ.

ನಮ್ಮಲ್ಲಿ ಇರಲಿಲ್ಲ, ನಿಮ್ಮಲ್ಲಿ ಇರಬಹುದು

ಡಿಸ್ಕ್ ತುಂಬುವುದು. ಡಿಎಫ್ ಹೈಫನ್ ಎಚ್ ಎಲ್ಲರೂ ನೋಡುತ್ತಾರೆ, ಡಿಎಫ್ ಹೈಫನ್ ಐ ಮರೆಯುತ್ತಾರೆ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದು ಮೇಲ್‌ಗೆ ಒಂದು ಫೈಲ್, ಆದ್ದರಿಂದ ಡಿಸ್ಕಿನಲ್ಲಿ ಜಾಗವಿದ್ದರೂ ಐನೋಡ್ (ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ದಾಖಲೆ) ಮುಗಿದು ಹೊಸ ಫೈಲ್ ಹುಟ್ಟದಿರಬಹುದು. ತುಂಬುವುದಕ್ಕೆ ದೊಡ್ಡ ಕಾರಣ ಎಲ್ಲರಿಗೂ ಒಟ್ಟಿಗೆ ಕಳಿಸುವ ಭಾರದ ಮೇಲ್. 20 ಎಂಬಿಯ ಡ್ರಾಯಿಂಗ್ ಮೇಲ್‌ನಲ್ಲಿ ಸುತ್ತಿಕೊಂಡಾಗ ಮೂರನೇ ಒಂದರಷ್ಟು ಬೆಳೆದು 27 ಎಂಬಿ ಆಗುತ್ತದೆ. 40 ಜನರಿಗೆ ಕಳಿಸಿದರೆ 1 ಜಿಬಿ ದಾಟಿತು. ಅದಕ್ಕೆ ಆಫೀಸಿನೊಳಗೆ ಹಂಚುವ ಫೋಲ್ಡರ್ ಇಡಿ, ಮೇಲ್‌ನಲ್ಲಿ ಅದರ ದಾರಿಯನ್ನಷ್ಟೇ ಕಳಿಸಿ.

ಕ್ಯೂ ಸಾವಿರಗಟ್ಟಲೆ ಬೆಳೆದಿದ್ದರೆ ಯಾರದೋ ಪಾಸ್‌ವರ್ಡ್ ಕಳ್ಳರ ಕೈ ಸೇರಿ ನಿಮ್ಮ ಸರ್ವರಿನಿಂದ ಸ್ಪ್ಯಾಮ್ ಹೋಗುತ್ತಿದೆ ಎಂದೇ ಮೊದಲು ಅನುಮಾನಿಸಿ. ಮೇಲ್ ಲಾಗಿನಲ್ಲಿ ಸಾಸ್ಲ್ ಅಂಡರ್‌ಸ್ಕೋರ್ ಯೂಸರ್‌ನೇಮ್ ಎಂದಿರುವ ಸಾಲುಗಳನ್ನು ಎಣಿಸಿ. ಒಂದೇ ಹೆಸರು ಗುಡ್ಡೆ ಬಿದ್ದಿದ್ದರೆ ಅವನೇ. ಮೊದಲು ಆ ಪಾಸ್‌ವರ್ಡ್ ಬದಲಿಸಿ, ಆಮೇಲೆ ಪೋಸ್ಟ್‌ಸೂಪರಿನಿಂದ ಅವನ ಮೇಲ್‌ಗಳನ್ನಷ್ಟೇ ಕ್ಯೂನಿಂದ ತೆಗೆಯಿರಿ. ಕ್ಯೂ ಪೂರ್ತಿ ಅಳಿಸಿದರೆ ಗಿರಾಕಿಗೆ ಹೋಗಬೇಕಿದ್ದ ಕೊಟೇಶನ್ನೂ ಅದರ ಜೊತೆ ಹೋಗುತ್ತದೆ.

ಒಬ್ಬರೇ ದೂರು ಹೇಳುತ್ತಿದ್ದು ಉಳಿದವರಿಗೆ ಸರಿಯಿದ್ದರೆ ಬಹುಶಃ ಸರ್ವರ್ ಬಿದ್ದೇ ಇಲ್ಲ. ಒಬ್ಬ ಬಳಕೆದಾರ ಒಂದು ಐಪಿ ವಿಳಾಸದಿಂದ 10ಕ್ಕಿಂತ ಹೆಚ್ಚು ಸಂಪರ್ಕ ತೆರೆಯಲು ಡವ್‌ಕಾಟ್ ತಾನಾಗಿ ಬಿಡುವುದಿಲ್ಲ. ಮೇಲ್ ಓದುವ ಪ್ರೋಗ್ರಾಮ್ ಥಂಡರ್‌ಬರ್ಡ್ ಒಂದೇ 5ರವರೆಗೆ ಹಿಡಿಯುತ್ತದೆ. ಲ್ಯಾಪ್‌ಟಾಪ್, ಟೇಬಲ್ ಮೇಲಿನದು, ಎರಡು ಮೊಬೈಲ್ ಇಟ್ಟುಕೊಂಡವರಿಗೆ ಇದು ಆಗುತ್ತದೆ. ಮಿತಿಯನ್ನು 20ಕ್ಕೆ ಏರಿಸಿ.

ಭಾನುವಾರದ ಪರೀಕ್ಷೆ

ರಿಪೇರಿ ಮಾಡಿದ ದಿನವೇ ಆಯಿತು ಎನ್ನಬೇಡಿ. ಮೂರು ವಾರದಲ್ಲಿ ಒಂಬತ್ತು ಸಲ ಬೀಳುತ್ತಿದ್ದ ಯಂತ್ರ ಮೂರು ದಿನ ನಿಂತರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಕನಿಷ್ಠ ಮೂರು ವಾರ ವಹಿ ಮುಂದುವರಿಯಲಿ.

ನಾವು ಹೊಸ ಬ್ಯಾಟರಿ ಹಾಕಿ, ಯುಪಿಎಸ್ಸಿನಿಂದ ಸರ್ವರಿಗೆ ಯುಎಸ್‌ಬಿ ಕೇಬಲ್ ಎಳೆದು, ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಹಾಕಿದೆವು. ಬ್ಯಾಟರಿ ತೀರಾ ಇಳಿದಾಗ ಅದು ಯಂತ್ರಕ್ಕೆ ಹೇಳಿ ಸರಿಯಾಗಿ ಶಟ್‌ಡೌನ್ ಮಾಡಿಸುತ್ತದೆ. ಅದು ನಿಜಕ್ಕೂ ಆಗುತ್ತದೆಯೋ ನೋಡಲು ಒಂದು ಭಾನುವಾರ ಮುಂಜಾನೆ, ಶೆಡ್ ಬಂದ್ ಇದ್ದಾಗ, ಹಿಂದಿನ ರಾತ್ರಿಯ ಬ್ಯಾಕಪ್ ಸರಿಯಿದೆ ಎಂದು ತೆಗೆದು ನೋಡಿಕೊಂಡು, ಯುಪಿಎಸ್ಸಿನ ಪ್ಲಗ್ ಕಿತ್ತೆವು. ಹುಡುಗ ವಹಿ ಹಿಡಿದು ನಿಂತ. ಹದಿನೆಂಟು ನಿಮಿಷಕ್ಕೆ ಪರದೆಯ ಮೇಲೆ ಶಟ್‌ಡೌನ್ ಸಾಲುಗಳು ಬಂದವು, ಫ್ಯಾನ್ ನಿಂತಿತು. ಪ್ಲಗ್ ಹಾಕಿ ಯಂತ್ರ ಎಬ್ಬಿಸಿ ಲಾಸ್ಟ್ ಹೈಫನ್ ಎಕ್ಸ್ ಕೊಟ್ಟರೆ, ರೀಬೂಟ್ ಸಾಲಿನ ಕೆಳಗೆ ಶಟ್‌ಡೌನ್ ಸಾಲು ಇತ್ತು. ಹುಡುಗ ತನ್ನ ಮೊಬೈಲಿನಿಂದ ಆಫೀಸಿನ ವಿಳಾಸಕ್ಕೆ ಒಂದು ಮೇಲ್ ಕಳಿಸಿದ. ಅದು ಬಂದು ಬಿದ್ದ ಹೊತ್ತನ್ನೂ ವಹಿಯಲ್ಲಿ ಬರೆದು, ಕೆಳಗೆ ಗೆರೆ ಎಳೆದ.